ಹೊಲಿಗೆ ಪ್ರಶ್ನೋತ್ತರ: ಜೀನ್ಸ್ ಮೇಲೆ ಅಂದದ ಹೊಲಿಗೆ

ಪ್ರಶ್ನೆ: ಜೀನ್ಸ್ ಪ್ಯಾಂಟಿನ ಉದ್ದ ಕಡಿಮೆ ಮಾಡುವಾಗ ಒಳಗಾಲಿನ ಜೋಡಣೆ ಬರುವಲ್ಲಿ ಹೊಲಿಗೆ ಸಣ್ಣಗಾಗಿ ಒಂದರ ಮೇಲೊಂದು ಕೂರುತ್ತದೆ. ದಾಟಿದ ಕೂಡಲೇ ಒಂದೆರಡು ಹೊಲಿಗೆ ತಪ್ಪುತ್ತದೆ, ಕೆಲವೊಮ್ಮೆ ಸೂಜಿಯೇ ಮುರಿಯುತ್ತದೆ. ನನ್ನದು ತುಳಿಯುವ ಹಳೆಯ ಕಪ್ಪು ಮೆಷಿನ್. ಜೀನ್ಸಿಗೆ ಇದು ಸಾಲದೇ?
– ಓದುಗರು, ಬದಿಯಡ್ಕ

ಉತ್ತರ: ಧಾರಾಳ ಸಾಕು. ಮೆಷಿನ್ನಿಗೆ ಬಲ ಕಡಿಮೆಯಾಗಿ ಹೀಗಾಗುತ್ತಿಲ್ಲ, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಓರೆಯಾಗಿ ನಿಲ್ಲುವುದರಿಂದ ಆಗುತ್ತಿದೆ. ಲೆಕ್ಕ ಹಾಕಿ ನೋಡಿ. ಅಂಚನ್ನು ಎರಡು ಸಲ ಮಡಚಿದರೆ ಬಟ್ಟೆ 3 ಪದರ. ಒಳಗಾಲಿನ ಜೋಡಣೆಯಾದರೋ ಒಂದರೊಳಗೊಂದು ಮಡಚಿ ಹೊಲಿದದ್ದು, ಮೊದಲೇ 4 ಪದರ. ಮಡಚಿದ ಮೇಲೆ 12, ಅಲ್ಲೊಂದು ದಪ್ಪ ಗಂಟು. ಮೂರರಿಂದ ಹನ್ನೆರಡಕ್ಕೆ ಹತ್ತುವಾಗ ಫೂಟಿನ ಮೂತಿ ಮೇಲೇಳುತ್ತದೆ, ಹಿಂಭಾಗ ಕೆಳಗೇ ಉಳಿಯುತ್ತದೆ. ಅಡಿಯಿಂದ ಬಟ್ಟೆಯನ್ನು ಮುಂದೆ ಸಾಗಿಸುವ ಹಲ್ಲುಗಳಿಗೆ ಹಿಡಿತ ಸಿಗದೆ ಸೂಜಿ ಇದ್ದಲ್ಲೇ ಚುಚ್ಚುತ್ತದೆ. ಇಳಿಯುವಾಗ ಇದೇ ತಿರುವುಮುರುವು: ಮೂತಿ ಗಾಳಿಯಲ್ಲಿ, ಹಿಂಭಾಗ ಗಂಟಿನ ಮೇಲೆ. ಆ ಹೊತ್ತಿಗೆ ನಾವು ಬಟ್ಟೆ ಎಳೆಯುತ್ತೇವೆ, ಸೂಜಿ ಬಾಗುತ್ತದೆ. ಬಾಗಿದ ಸೂಜಿಯ ದಾರ, ಅದನ್ನು ಅಡಿದಾರದೊಡನೆ ಹೆಣೆಯುವ ಹುಕ್ಕಿಗೆ ಸಿಕ್ಕದಿದ್ದರೆ ಹೊಲಿಗೆ ತಪ್ಪುತ್ತದೆ. ಸೂಜಿ ಪ್ಲೇಟಿಗೆ ತಾಗಿದರೆ ಮುರಿಯುತ್ತದೆ.

ಹಾಗಾಗಿ ಫೂಟನ್ನು ಮಟ್ಟವಾಗಿ ನಿಲ್ಲಿಸುವುದೇ ಪರಿಹಾರ. ಮೊದಲು ಗಂಟನ್ನು ತಗ್ಗಿಸಿ: ಮಡಿಕೆಯನ್ನು ಬಿಸಿ ಇಸ್ತ್ರಿಯಲ್ಲಿ ಒತ್ತಿ, ಗಟ್ಟಿ ಕಲ್ಲಿನ ಮೇಲಿಟ್ಟು, ಮೇಲೊಂದು ಹಳೆ ಬಟ್ಟೆ ಹಾಕಿ ಸುತ್ತಿಗೆಯಿಂದ ಹತ್ತು ಹದಿನೈದು ಪೆಟ್ಟು ಕೊಡಿ. ಕೈಯಲ್ಲಿ ಮುಟ್ಟಿದರೇ ತಗ್ಗಿದ್ದು ಗೊತ್ತಾಗುತ್ತದೆ. ಆಮೇಲೆ ಕತ್ತರಿಸಿ ಉಳಿದ ಜೀನ್ಸ್ ತುಂಡನ್ನು ಗಂಟಿನಷ್ಟೇ ದಪ್ಪವಾಗುವ ಹಾಗೆ ಮಡಚಿಟ್ಟುಕೊಳ್ಳಿ. ಹೊಲಿಯುತ್ತ ಹೋಗಿ ಫೂಟಿನ ಮೂತಿ ಗಂಟನ್ನು ಏರತೊಡಗಿದಾಗ ನಿಲ್ಲಿಸಿ, ಸೂಜಿ ಬಟ್ಟೆಯೊಳಗೇ ಇರಲಿ. ಫೂಟ್ ಎತ್ತಿ, ಆ ತುಂಡನ್ನು ಹಿಂಬದಿಯಿಂದ ಸೂಜಿಯ ತನಕ ತಳ್ಳಿ, ಫೂಟ್ ಇಳಿಸಿ. ಈಗ ಅದು ಹಿಂದೆ ಮುಂದೆ ಸಮನಾಗಿ ಕೂತಿರುತ್ತದೆ. ಗಂಟಿನ ಮೇಲೆ ತುಳಿಯಬೇಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ. ಇಳಿಯುವಾಗ ಅದೇ ತುಂಡನ್ನು ಫೂಟಿನ ಮುಂಭಾಗದ ಅಡಿಗೆ ಕೊಡಿ.

ಚಕ್ರ ತಿರುಗಿಸುವಾಗ ಚರ್ಮದ ಬೆಲ್ಟ್ ಜಾರುತ್ತಿದ್ದರೆ ಅರ್ಧ ಇಂಚು ಮೊಟಕು ಮಾಡಿ ಮತ್ತೆ ಕ್ಲಿಪ್ ಹಾಕಿ. ಇನ್ನೊಂದು ಮಾತು: ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಜೀನ್ಸ್ ಹೊರಗೆ ಒಣಗಿದಂತೆ ಕಂಡರೂ ಜೋಡಣೆಯೊಳಗೆ ಪಸೆ ಇರುತ್ತದೆ. ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿದ ಮೇಲೆಯೇ ಹೊಲಿಯಿರಿ. ಮಳೆಗಾಲವಿಡೀ ಮೆಷಿನ್ನಿನಲ್ಲೇ ಉಳಿದ ಸೂಜಿಗೆ ತುಕ್ಕು ಹಿಡಿದಿದ್ದರೆ ಅದನ್ನು ಬಿಸಾಡಿ.

ಪ್ರಶ್ನೆ: ಜೀನ್ಸಿಗೆಂದು ಜೇನುಬಣ್ಣದ ದಪ್ಪ ದಾರ ತಂದೆ. ಮೇಲೆ ಚೆನ್ನಾಗಿ ಕಾಣುತ್ತೆ, ಅಡಿಯಲ್ಲಿ ಮಾತ್ರ ದಾರ ಗುಪ್ಪೆ ಗುಪ್ಪೆಯಾಗಿ ನಿಲ್ಲುತ್ತೆ. ಬಾಬಿನ್ (ಅಡಿದಾರದ ಉರುಳೆ) ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಸರಿಹೋಗಲಿಲ್ಲ.
– ಓದುಗರು, ಹೊಸೂರು

ಉತ್ತರ: ಬಾಬಿನ್ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತನ್ನಿ, ದೋಷ ಅಲ್ಲಿಲ್ಲ. ಅಡಿಯಲ್ಲಿ ಗುಪ್ಪೆ ಕಂಡರೆ ಮೇಲಿನ ದಾರ ಸಡಿಲವೆಂದೇ ಅರ್ಥ. ಫೂಟ್ ಇಳಿದಿರುವಾಗ ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ. ಆಗ ದಾರ ಹಾಕಿದರೆ ದಪ್ಪ ದಾರ ನಡುವೆ ಇಳಿಯದೆ ಹೊರಗೇ ಉಳಿದುಬಿಡುತ್ತದೆ. ಫೂಟ್ ಎತ್ತಿ ಹೊಸದಾಗಿ ದಾರ ಹಾಕಿ, ಫೂಟ್ ಇಳಿಸಿ ಎಳೆದು ನೋಡಿ. ಈಗ ಬಿಗಿ ತಿಳಿಯಬೇಕು.

ದಪ್ಪ ದಾರ ಮೇಲೆ ಮಾತ್ರ ಇರಲಿ. ಬಾಬಿನ್ನಿಗೆ ನೀಲಿ ಬಣ್ಣದ ಮಾಮೂಲಿ ದಾರವೇ ಸರಿ. ದಾರದ ದಪ್ಪ ತಿಳಿಸುವ ಟಿಕೆಟ್ ನಂಬರ್ ಕಡಿಮೆಯಾದಷ್ಟೂ ದಾರ ದಪ್ಪ: ಮಾಮೂಲಿ ಪಾಲಿಯೆಸ್ಟರ್ 120, ಮನೆ ಮೆಷಿನ್ನಿನಲ್ಲಿ ಜೀನ್ಸ್ ಮೇಲ್ಹೊಲಿಗೆಗೆ 40ರ ಆಸುಪಾಸು. ದಪ್ಪ ದಾರ ಸಿಗದಿದ್ದರೆ ಎರಡು ರೀಲಿನ ಮಾಮೂಲಿ ದಾರವನ್ನು ಒಂದೇ ಸೂಜಿಯ ಕಣ್ಣಿಗೆ ಪೋಣಿಸಿ. ನೋಟಕ್ಕೆ ಹೆಚ್ಚು ಕಡಿಮೆ ಅದೇ ದಪ್ಪ ಬರುತ್ತದೆ.

ಸೂಜಿ 100/16 ಅಥವಾ 110/18 ನಂಬರಿನದು ಬೇಕು. 14ರ ಸೂಜಿಯ ಸಣ್ಣ ಕಣ್ಣಿನಲ್ಲಿ ಈ ದಾರ ಉಜ್ಜಿ ಎಳೆ ಬಿಚ್ಚುತ್ತದೆ. ಜೀನ್ಸ್ ಸೂಜಿ ಎಂದೇ ಕೇಳಿ, ಅದರ ಕಾಂಡ ಬೇಗ ಬಾಗದಷ್ಟು ಗಡುಸು. ಅಂಗಡಿಯವರು ಫ್ಯಾಕ್ಟರಿ ಮೆಷಿನ್ನಿನ ಉರುಟು ಬುಡದ ಸೂಜಿ ಕೊಟ್ಟಾರು. ನಿಮಗೆ ಬೇಕಾದದ್ದು ಬುಡದ ಒಂದು ಬದಿ ಚಪ್ಪಟೆ ಇರುವುದು. ದಾರ ಕಣ್ಣಿಗೆ ಹೋಗುವ ಬದಿಯ ವಿರುದ್ಧಕ್ಕೆ ಆ ಚಪ್ಪಟೆ ಮುಖ ಬರಲಿ.

ಕೊನೆಗೆ, ಅದೇ ಬಟ್ಟೆಯನ್ನು ಅಷ್ಟೇ ಪದರ ಮಡಚಿ ಪರೀಕ್ಷೆ ಮಾಡಿ. ಬಾಬಿನ್ ದಾರದ ನೀಲಿ ಚುಕ್ಕೆ ಮೇಲೆ ಕಂಡರೆ ಮೇಲಿನ ಟೆನ್ಷನ್ ಅರ್ಧ ಸುತ್ತು ಸಡಿಲಿಸಿ. ಜೇನುಬಣ್ಣ ಅಡಿಯಲ್ಲಿ ಇಣುಕಿದರೆ ಬಿಗಿ ಮಾಡಿ.

ಪ್ರಶ್ನೆ: ಜೇಬಿನ ಸುತ್ತ ಹಾಕುವ ಜೋಡಿ ಹೊಲಿಗೆ ಸೊಟ್ಟಗಾಗ್ತದ. ಜೋಡಿ ಸೂಜಿ ತಗೊಂಡ್ರ ಅನುಕೂಲ ಆಗ್ತದೇನು?
– ಓದುಗರು, ಅಕ್ಕಲಕೋಟೆ

ಉತ್ತರ: ಜೋಡಿ ಸೂಜಿ ಬೇಡ. ದಪ್ಪ ಪದರದಲ್ಲಿ ಅದು ಬಾಗಿ ಮುರಿಯುತ್ತದೆ, ಮೂಲೆಯಲ್ಲಿ ತಿರುಗಿಸಲೂ ಆಗದು. ಒಂದೇ ಸೂಜಿಯಲ್ಲಿ ಎರಡು ಸಲ ಹೊಲಿಯಿರಿ: ಮೊದಲನೆಯದು ಅಂಚಿನಿಂದ 2 ಮಿ.ಮೀ., ಎರಡನೆಯದು ಅದರಿಂದ 6 ಮಿ.ಮೀ. ಒಳಗೆ. ಹೊಲಿಯುವಾಗ ಕಣ್ಣು ಸೂಜಿಯ ಮೇಲಿದ್ದರೆ ಗೆರೆ ಖಂಡಿತ ಸೊಟ್ಟಗಾಗುತ್ತದೆ. ಎರಡನೆಯ ಗೆರೆಗೆ ಸೂಜಿಯಿಂದ 8 ಮಿ.ಮೀ. ಅಳೆದು ಪ್ಲೇಟಿನ ಮೇಲೆ ಬಣ್ಣದ ಟೇಪ್ ಅಂಟಿಸಿ, ಬಟ್ಟೆಯ ಅಂಚು ಆ ಟೇಪಿಗೆ ತಾಗಿ ಸಾಗುತ್ತಿದೆಯೇ ಎಂದಷ್ಟೇ ನೋಡಿ. ಎರಡೂ ಗೆರೆ ಒಂದೇ ದಿಕ್ಕಿನಲ್ಲಿ ಹೋಗಲಿ. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೊಲಿದರೆ ನಡುವಿನ ಬಟ್ಟೆ ಸೊಟ್ಟಕ್ಕೆ ಎಳೆಯುತ್ತದೆ.

ಹೊಲಿಗೆಯ ಉದ್ದ 3.5ರಿಂದ 4 ಮಿ.ಮೀ., ಅಂದರೆ ಇಂಚಿಗೆ 6ರಿಂದ 7 ಹೊಲಿಗೆ. ಇದಕ್ಕಿಂತ ಸಣ್ಣದಾದರೆ ದಪ್ಪ ದಾರ ಮಣಿ ಪೋಣಿಸಿದಂತೆ ಗಿಡಿದು ಕಾಣುತ್ತದೆ. ದಪ್ಪ ದಾರದಲ್ಲಿ ರಿವರ್ಸ್ ಹೊಲಿಗೆ ಹಾಕಬೇಡಿ, ಅಲ್ಲೊಂದು ಗಂಟು ಎದ್ದು ಕಾಣುತ್ತದೆ. ಶುರುವಿನಲ್ಲೂ ಕೊನೆಯಲ್ಲೂ 10 ಸೆಂ.ಮೀ. ದಾರ ಬಿಟ್ಟು, ಕೈಸೂಜಿಯಿಂದ ಒಳಮುಖಕ್ಕೆ ಎಳೆದು ಕಟ್ಟಿ.

ಪ್ರಶ್ನೆ: ಬಳ್ಳಾರಿಯಿಂದ ತಂದ ಜೀನ್ಸಿನ ಅಂಚು ಹಗ್ಗದಂತೆ ಹೊರಳಿಕೊಂಡಿದೆ. ಗಿಡ್ಡ ಮಾಡಿದರೂ ಆ ನೋಟ ಉಳಿಸಬಹುದೇ?
– ಓದುಗರು, ಆದೋನಿ

ಉತ್ತರ: ಹೊಸದಾಗಿ ಹೊಲಿದು ತರುವುದು ಕಷ್ಟ. ಆ ಹೊರಳು ಸರಪಳಿಯಂತೆ ಹೊಲಿಯುವ ಚೈನ್ ಸ್ಟಿಚ್ ಮೆಷಿನ್ನಿನದು. ಯೂನಿಯನ್ ಸ್ಪೆಷಲ್ 43200ಜಿ ಎಂಬ ಮೆಷಿನ್ ಅದಕ್ಕೆ ಹೆಸರಾದದ್ದು. ಆದರೆ ಇದ್ದ ಅಂಚನ್ನೇ ಉಳಿಸಿಕೊಳ್ಳಬಹುದು. ಹೊಸ ಪ್ಯಾಂಟಾದರೆ ಮೊದಲು ಒಗೆದು ಒಣಗಿಸಿ, ಡೆನಿಮ್ ಉದ್ದದಲ್ಲಿ ಕುಗ್ಗುತ್ತದೆ. 6 ಸೆಂ.ಮೀ. ಕಡಿಮೆ ಮಾಡಬೇಕೆಂದರೆ ಅಂಚಿನ ಪಟ್ಟಿಯನ್ನು ಹೊರಮುಖಕ್ಕೆ ಎತ್ತಿ ಮಡಚಿ. ಪಟ್ಟಿಯ ಹೊಲಿಗೆ ಮುಗಿಯುವಲ್ಲಿಂದ ಮಡಿಕೆಯವರೆಗೆ 3 ಸೆಂ.ಮೀ. ಇರಲಿ, ಎರಡು ಪದರ ಸೇರಿ 6 ಆಗುತ್ತದೆ. ಪಟ್ಟಿಗೆ ಒತ್ತಿಕೊಂಡು, ಪಟ್ಟಿಯ ಮೇಲೆ ಹತ್ತದಂತೆ, ನೀಲಿ ದಾರದಲ್ಲಿ 2.5 ಮಿ.ಮೀ. ಹೊಲಿಗೆ ಹಾಕಿ. ಪಟ್ಟಿಯನ್ನು ಕೆಳಗೆ ತಿರುಗಿಸಿ ನೋಡಿ, ಎರಡೂ ಕಾಲಿನ ಅಳತೆ ಸರಿ ಬಂದ ಮೇಲೆಯೇ ಒಳಗಿನ ಹೆಚ್ಚುವರಿ ಬಟ್ಟೆಯನ್ನು 1.5 ಸೆಂ.ಮೀ. ಬಿಟ್ಟು ಕತ್ತರಿಸಿ. ಕತ್ತರಿಸಿದ ಅಂಚಿಗೆ ಜಿಗ್‌ಜಾಗ್ ಹಾಕಿ ಮೇಲ್ಮುಖವಾಗಿ ಇಸ್ತ್ರಿ ಮಾಡಿದರೆ ಹೊಸ ಜೋಡಣೆ ಪಟ್ಟಿಯ ನೆರಳಿನಲ್ಲೇ ಅಡಗುತ್ತದೆ.