ಬಾಡಿಗೆ ಶೆಡ್‌ನಲ್ಲಿ ಅಲ್ಪ್ರಾಜೋಲಂ ತಯಾರಿಸಿದರೆ ಶಿಕ್ಷೆ ಎಷ್ಟು? ಮಾಲೀಕರಿಗೂ ಆಗುತ್ತಾ?

ರಾಯಚೂರು ಹತ್ತಿರ ಶೆಡ್ ಬಾಡಿಗೆಗೆ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಅಲ್ಪ್ರಾಜೋಲಂ ಅಂದರೆ ಆತಂಕ ಕಡಿಮೆ ಮಾಡಲು ವೈದ್ಯರು ಕೊಡುವ ಔಷಧಿ; ಕಲಬೆರಕೆ ಸೇಂದಿಗೆ ಬೆರೆಸುವ ಈ ಪುಡಿ ನಮ್ಮ ಕಡೆ ಎಷ್ಟೋ ಮನೆ ಹಾಳು ಮಾಡಿದೆ.

ಲೈಸೆನ್ಸ್ ಇಲ್ಲದೆ ತಯಾರಿಸಿದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 22ನೇ ಸೆಕ್ಷನ್ ಬೀಳುತ್ತದೆ. ಶಿಕ್ಷೆ ತೂಕದ ಮೇಲೆ. 5 ಗ್ರಾಂವರೆಗೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಜಾಸ್ತಿಯಾದರೆ 10 ವರ್ಷದವರೆಗೆ. 100 ಗ್ರಾಂ ದಾಟಿತೋ, ಕನಿಷ್ಠ 10 ವರ್ಷ, ಗರಿಷ್ಠ 20. ದಂಡ ಕನಿಷ್ಠ 1 ಲಕ್ಷ. ನೂರು ಗ್ರಾಂ ಅಂದರೆ ಒಂದು ಹಿಡಿ ಪುಡಿ, ಅಷ್ಟೇ! ಜಾಮೀನೂ ಸುಲಭಕ್ಕೆ ಸಿಗಲ್ಲ.

ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕರಿಗೂ 25ನೇ ಸೆಕ್ಷನ್‌ನಲ್ಲಿ ಅದೇ ಶಿಕ್ಷೆ. ಹಾಗಾಗಿ ಸುಮ್ನೆ ಬಾಯಿಮಾತಲ್ಲಿ ಕೊಡಬೇಡಿ, ಕರಾರು ಪತ್ರ ಮಾಡಿಸಿ. ಒಳಗೆ ಡ್ರಮ್ಮು, ಘಾಟು ವಾಸನೆ ಕಂಡರೆ ಅವತ್ತೇ 112ಕ್ಕೆ ಫೋನ್ ಮಾಡಿ.