ಡ್ರೈಡಾಕ್‌ಗೆ ಮುಂಚೆ ಸೈನ್ ಆಫ್ ಆಗೋದಾ, ಉಳಿಯೋದಾ?

ಹಡಗು ಮುಂದಿನ ತಿಂಗಳು ಡ್ರೈಡಾಕ್‌ಗೆ (ನೀರು ಹೊರಹಾಕಿ ಹಡಗಿನ ತಳ ರಿಪೇರಿ ಮಾಡೋ ಕಟ್ಟೆಗೆ) ಹೋಗ್ತಿದೆ, ಕೆಲಸವೆಲ್ಲ ರಿಪೇರಿ ಯಾರ್ಡ್‌ನವರದೇ, ಎಂಜಿನ್ ರೂಮಿನ ಕಿರಿಯ ಅಧಿಕಾರಿ ಫೋರ್ತ್ ಎಂಜಿನಿಯರ್‌ಗೆ ಕಲಿಯೋಕೆ ಏನೂ ಇರಲ್ವಂತೆ, ಮುಂಚೆಯೇ ಸೈನ್ ಆಫ್ ಆಗಿ ಹಡಗು ಬಿಡಲಾ ಅಂತ ಕೇಳಿದ್ದೀರಿ. "ಕೆಲಸವೆಲ್ಲ ಯಾರ್ಡ್‌ನವರದೇ" ಅನ್ನೋ ಮಾತು ನಂಬಿಯೇ ನಾನು ಎಂಜಿನ್ ರೂಮಿಗೆ ಸಮುದ್ರ ನುಗ್ಗಿಸಿಕೊಂಡವನು.

ನಾನೂ ಆಗ ಫೋರ್ತ್. ಜನರೇಟರ್‌ಗಳೆಲ್ಲ ನಿಂತು, ಕರೆಂಟು ದಡದಿಂದ ಬರ್ತಿತ್ತು. ಎಲ್ಲಿ ನೋಡಿದರೂ ಬಿಚ್ಚಿಟ್ಟ ಪೈಪು, ಗ್ರೈಂಡರ್ ಕಿರುಚಾಟ, ಪರಿಚಯವಿಲ್ಲದ ಮುಖಗಳು. ನನ್ನ ಪಾಲಿಗೆ ಬಂದದ್ದು ಸಮುದ್ರಕ್ಕೂ ಹಡಗಿಗೂ ನಡುವಿನ ನೀರಿನ ದಾರಿ ತೆರೆದು ಮುಚ್ಚೋ ಸೀ ವಾಲ್ವ್‌ಗಳ ಪಟ್ಟಿ, ಒಟ್ಟು 23. ಯಾರ್ಡ್‌ನವರು ಬಿಚ್ಚಿ, ವರ್ಕ್‌ಶಾಪಿಗೆ ಒಯ್ದು, ಸರಿಮಾಡಿ ತಂದು ಕೂರಿಸ್ತಾರೆ. ನಾನು ನೋಡಿ ಸಹಿ ಹಾಕಬೇಕು. 22ನ್ನು ಸರಿಯಾಗೇ ನೋಡಿದೆ. ಡಾಕಿನ ನೆಲಕ್ಕಿಳಿದು, ಸೀ ಚೆಸ್ಟ್‌ಗಳಿಗೆ (ಸಮುದ್ರದ ನೀರು ಒಳಬರೋ ಪೆಟ್ಟಿಗೆಯಂಥ ಗೂಡುಗಳಿಗೆ) ತಲೆ ತೂರಿಸಿ, ಒಳಗಿನಿಂದ ಮೋಟರ್‌ಮನ್ ತೆರೆದು ಮುಚ್ಚುವಾಗ ವಾಲ್ವಿನೊಳಗಿನ ತಟ್ಟೆ, ಅಂದರೆ ಡಿಸ್ಕ್, ತಿರುಗೋದನ್ನ ಕಣ್ಣಾರೆ ಕಂಡಿದ್ದೆ.

ಕೊನೆಯದು ಲೋ ಸೀ ಚೆಸ್ಟಿನ ದೊಡ್ಡ ಬಟರ್‌ಫ್ಲೈ ವಾಲ್ವ್. ವರ್ಕ್‌ಶಾಪಿಂದ ತಡವಾಗಿ ಬಂತು. ಅದನ್ನು ಕೂರಿಸೋ ಹೊತ್ತಿಗೆ ಪೇಂಟಿನವರು ಮುಗಿಸಿ, ಸೀ ಚೆಸ್ಟಿನ ಬಾಯಿಗೆ ಹೊರಗಿನ ಗ್ರೇಟಿಂಗ್ (ಕಂಬಿ ಜಾಲರಿ) ಹಾಕಿ ಬೋಲ್ಟುಗಳಿಗೆ ತಂತಿ ಬಿಗಿದಾಗಿತ್ತು. ಬಿಚ್ಚಿಸಬೇಕಿತ್ತು. ಫೋರ್‌ಮನ್ ಮುಖ ನೋಡಿದೆ, ಗಡಿಯಾರ ನೋಡಿದೆ, ವಾಲ್ವ್ ತಿರುಗಿಸೋ ಗೇರ್‌ಬಾಕ್ಸಿನ ಮೇಲಿನ ಮುಳ್ಳು ನೋಡಿದೆ. ಮುಳ್ಳು 'ಶಟ್' ತೋರಿಸ್ತಿತ್ತು. ಸಹಿ ಹಾಕಿದೆ.

ಇಲ್ಲಿ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ. ಮುಳ್ಳು ಇರೋದು ಗೇರ್‌ಬಾಕ್ಸಿನ ಮೇಲೆ. ಅದಕ್ಕೆ ಡಿಸ್ಕ್ ಎತ್ತ ನೋಡ್ತಿದೆ ಅನ್ನೋದು ಗೊತ್ತಿಲ್ಲ. ನಮ್ಮ ವಾಲ್ವಿನ ಸ್ಟೆಮ್ (ಡಿಸ್ಕ್ ತಿರುಗಿಸೋ ಕಂಬಿ) ತುದಿ ಚೌಕಾಕಾರ, ಗೇರ್‌ಬಾಕ್ಸಿನ ತೂತೂ ಚೌಕ. ಚೌಕಕ್ಕೆ ಚೌಕ ನಾಲ್ಕು ಥರ ಕೂರುತ್ತೆ. 90 ಡಿಗ್ರಿ ತಿರುಗಿ ಕೂತರೆ, ಮುಳ್ಳು 'ಶಟ್' ಅನ್ನುವಾಗ ಡಿಸ್ಕ್ ಪೂರ್ತಿ ಬಾಯಿ ತೆರೆದಿರುತ್ತೆ. ಇದನ್ನ ಹಿಡಿಯೋಕೇ ಅಂತ ಸ್ಟೆಮ್ ತಲೆಯ ಮೇಲೆ ಒಂದು ಗೀರು ಹಾಕಿರ್ತಾರೆ: ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ, ಪೈಪಿನ ಉದ್ದಕ್ಕಿದ್ದರೆ ತೆರೆದಿದೆ. ಮುಳ್ಳಿನ ತಟ್ಟೆ ತೆಗೆದರೆ ಕೆಳಗೇ ಕಾಣುತ್ತೆ. ಎರಡು ಸ್ಕ್ರೂ. ನಾನು ಬಿಚ್ಚಲಿಲ್ಲ.

ಸಾಲದ್ದಕ್ಕೆ, ಅದರ ಪಕ್ಕದ ಸ್ಟ್ರೈನರ್ (ನೀರಿನ ಕಸ ಸೋಸೋ ಡಬ್ಬಿ) ಮುಚ್ಚಳಕ್ಕೆ 16 ಬೋಲ್ಟಿನ ಜಾಗದಲ್ಲಿ ನಾಲ್ಕೇ ಇದ್ದವು, ಅವೂ ಕೈಯಲ್ಲಿ ತಿರುಗಿಸಿದ್ದು. ಹೊಸ ಗ್ಯಾಸ್ಕೆಟ್ ಬರಬೇಕಿತ್ತು. "ವಾಲ್ವ್ ಮುಚ್ಚಿದೆಯಲ್ಲ, ತೇಲಿದ ಮೇಲೆ ಹಾಕೋಣ" ಅಂದವನೂ ನಾನೇ.

ಡಾಕಿಗೆ ನೀರು ಬಿಡುವಾಗ, ಸೀ ಚೆಸ್ಟ್‌ಗಳು ಮುಳುಗಿದ ಮೇಲೆ, ಹಡಗು ತಾನು ಕೂತಿದ್ದ ಬ್ಲಾಕಿನಿಂದ ಏಳುವ ಮುಂಚೆ ಒಮ್ಮೆ ನಿಲ್ಲಿಸ್ತಾರೆ, ಎಲ್ಲಾದರೂ ಸೋರ್ತಿದೆಯಾ ಅಂತ ನಾವು ನೋಡಲಿ ಅಂತ. ನಾನು ಟಾರ್ಚ್ ಹಿಡಿದು ಕೆಳಗಿಳಿದಾಗ ಮುಚ್ಚಳದ ಸುತ್ತ ನೀರು ಬೀಸಣಿಗೆ ಥರ ಚಿಮ್ಮುತ್ತಿತ್ತು. ಹ್ಯಾಂಡ್‌ವೀಲ್‌ಗೆ ಹಾರಿ 'ಶಟ್' ಕಡೆ ತಿರುಗಿಸಿದೆ. ಅಲುಗಲಿಲ್ಲ. ಕೀ ಹಾಕಿ ಜೋತುಬಿದ್ದೆ. ಸೆಕೆಂಡ್ ಎಂಜಿನಿಯರ್ ಓಡಿಬಂದು ಒಮ್ಮೆ ಮುಳ್ಳು ನೋಡಿದರು, ಒಮ್ಮೆ ನೀರು ನೋಡಿದರು. "ತೆಗಿಯೋ!" ಅಂದರು. ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ನನ್ನನ್ನ ಪಕ್ಕಕ್ಕೆ ತಳ್ಳಿ ಅವರೇ 'ಓಪನ್' ಕಡೆ ತಿರುಗಿಸುತ್ತಾ ಹೋದರು. ನೀರು ಸಣ್ಣಗಾಯ್ತು, ನಿಂತಿತು. ಮುಳ್ಳು 'ಓಪನ್' ಮೇಲೆ ಆರಾಮಾಗಿ ಕೂತಿತ್ತು.

ಅಷ್ಟರಲ್ಲಿ ಬಿಲ್ಜ್ (ಎಂಜಿನ್ ರೂಮಿನ ತಳದ ಗುಂಡಿ) ತುಂಬಿ ಲೂಬ್ ಆಯಿಲ್ ಟ್ರಾನ್ಸ್‌ಫರ್ ಪಂಪಿನ ಮೋಟರ್ ನೆನೆದಿತ್ತು. ಇನ್ಸುಲೇಷನ್ ಅಳೆಯೋ ಮೆಗ್ಗರ್ ಹಾಕಿದರೆ ಸೊನ್ನೆ. ಆ ಡಾಕಿನ ಗೇಟು ತೆಗೆಯೋದು ಭರತದ ಹೊತ್ತಿಗೆ ಮಾತ್ರ. ಅದು ತಪ್ಪಿ, ಮುಂದಿನ ಭರತಕ್ಕೆ ಸುಮಾರು 12 ಗಂಟೆ ಕಾದೆವು. ಚೀಫ್ ಬೈಯಲಿಲ್ಲ. ನನ್ನ ಅಪ್ರೈಸಲ್‌ನಲ್ಲಿ ಪ್ರಮೋಷನ್ ಕಾಲಂ ಖಾಲಿ ಬಿಟ್ಟು ಸಹಿ ಮಾಡಿದರು, ಅಷ್ಟೆ. ಇನ್ನೊಂದು ಕಾಂಟ್ರಾಕ್ಟ್ ಫೋರ್ತ್ ಆಗಿಯೇ ಕಳೆದೆ.

ನಿಮ್ಮ ಪ್ರಶ್ನೆಗೆ: ಉಳಿಯಿರಿ. ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್ ಪ್ರಕಾರ ಸರಕು ಹಡಗಿನ ತಳದ ತಪಾಸಣೆ 5 ವರ್ಷಕ್ಕೆ ಎರಡು ಸಲ, ನಡುವೆ 36 ತಿಂಗಳು ಮೀರುವಂತಿಲ್ಲ. ಕೆಲವೇ ತಿಂಗಳ ಕಾಂಟ್ರಾಕ್ಟಿನಲ್ಲಿ ಅದಕ್ಕಾಗಿ ಆಗೋ ಡಾಕಿಂಗ್ ನಿಮಗೆ ಎಷ್ಟು ಸಲ ಸಿಗುತ್ತೆ, ನೀವೇ ಲೆಕ್ಕ ಹಾಕಿ. ಕಲಿಯೋಕೆ ಏನೂ ಇಲ್ಲ ಅಂದವರು ಬಹುಶಃ ಕಂಟ್ರೋಲ್ ರೂಮಿನಲ್ಲೇ ಕೂತು ಡಾಕಿಂಗ್ ಮುಗಿಸಿದವರು. ಮೊದಲ ದಿನವೇ, ಬೆಂಕಿ ಆರಿಸೋ ಕಾರ್ಬನ್ ಡೈಆಕ್ಸೈಡ್ ಸಿಸ್ಟಮ್ ಆಕಸ್ಮಿಕವಾಗಿ ಬಿಡುಗಡೆಯಾಗದಂತೆ ಲಾಕ್ ಆಗಿದೆಯಾ, ದಡದ ಫೈರ್ ಲೈನಿನಲ್ಲಿ ಒತ್ತಡ ಇದೆಯಾ ನೀವೇ ಹೋಗಿ ನೋಡಿ. ಟ್ಯಾಂಕಿಗೆ ಇಳಿಯೋ ಮುಂಚೆ ಮೀಟರ್ ನಿಮ್ಮ ಕಣ್ಣೆದುರೇ ಆಕ್ಸಿಜನ್ ಶೇ. 20.9 ತೋರಿಸಬೇಕು, ಬೆಳಿಗ್ಗೆ ಯಾರೋ ಬರೆದಿಟ್ಟ ಚೀಟಿ ಸಾಲದು.

ವಾಲ್ವಿನ ಡಿಸ್ಕ್ ನೀವು ನೋಡೋವರೆಗೆ ಗ್ರೇಟಿಂಗ್ ಮುಚ್ಚಬೇಡಿ ಅಂತ ಫೋರ್‌ಮನ್‌ಗೆ ಮುಂಚೆಯೇ ಹೇಳಿಬಿಡಿ. ಮುಚ್ಚಿದ್ದರೆ ಬಿಚ್ಚಿಸಿ. ಗೊಣಗ್ತಾನೆ, ಗೊಣಗಲಿ. ಗ್ರೇಟಿಂಗ್ ಸೀಳಿನಲ್ಲಿ ತೂರುವಂಥ ತೆಳ್ಳನೆ ಟಾರ್ಚು, ಉದ್ದ ಹಿಡಿಯ ಸಣ್ಣ ಕನ್ನಡಿ ಈಗಲೇ ನಿಮ್ಮ ಕ್ಯಾಬಿನ್‌ನಲ್ಲಿ ಎತ್ತಿಟ್ಟುಕೊಳ್ಳಿ. ಡಾಕಿಂಗ್ ಶುರುವಾದ ಮೇಲೆ ಸ್ಟೋರಿನಲ್ಲಿ ಅವು ಸಿಗಲ್ಲ.