ಏಜೆಂಟ್‌ಗಿಂತ ಮೊದಲು ನಾಟಕದ ತಂಡ

ಪತ್ರ: ನಾನು ಹಾವೇರಿಯವನು, ಬಿ.ಕಾಂ. ಮುಗಿಸಿದ್ದೇನೆ. ಸಿನಿಮಾ, ಸೀರಿಯಲ್‌ಗಳಲ್ಲಿ ನಟಿಸುವ ಆಸೆ. ಬೆಂಗಳೂರಿನ ಏಜೆನ್ಸಿಯೊಂದು ರಿಜಿಸ್ಟ್ರೇಶನ್, ಫೋಟೊಶೂಟ್ ಸೇರಿ 40,000 ರೂಪಾಯಿ ಕೇಳುತ್ತಿದೆ. ಏಜೆಂಟ್ ಇಲ್ಲದಿದ್ದರೆ ಆಡಿಷನ್‌ಗೆ ಒಳಗೇ ಬಿಡುವುದಿಲ್ಲವಂತೆ. ಕಟ್ಟಲೇ?

ಸಂಪಾದಕರ ಉತ್ತರ: ಕಟ್ಟಬೇಡಿ. ಕೆಲಸ ಕೊಡಿಸಿ, ಬಂದ ಸಂಭಾವನೆಯಲ್ಲಿ ಕಮಿಷನ್ ತೆಗೆದುಕೊಳ್ಳುವವರು ಏಜೆಂಟ್. ಮೊದಲೇ ದುಡ್ಡು ಇಸಕೊಂಡವರಿಗೆ ನಿಮಗೆ ಪಾತ್ರ ಸಿಕ್ಕರೂ ಒಂದೇ, ಬಿಟ್ಟರೂ ಒಂದೇ.

ಹಾಗಂತ ಎಲ್ಲ ಏಜೆಂಟರನ್ನೂ ಬೈಯುತ್ತಿಲ್ಲ. ಅಗ್ರಿಮೆಂಟ್ ಓದುವುದಕ್ಕೆ, ಡೇಟ್ಸ್ ಹೊಂದಿಸುವುದಕ್ಕೆ, ಬಾಕಿ ಪೇಮೆಂಟ್ ವಸೂಲಿಗೆ ಒಳ್ಳೆಯ ಮ್ಯಾನೇಜರ್ ಬೇಕೇ ಬೇಕು. ಆದರೆ ಅದು ಕೈಯಲ್ಲಿ ನಾಲ್ಕು ಕೆಲಸ ಇರುವವರ ಮಾತು.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಪತ್ರದ ಉಳಿದ ಭಾಗದಲ್ಲಿ ನಿಮ್ಮ ಎತ್ತರ, ಜಿಮ್, ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಎಲ್ಲ ಇದೆ. ನಾಟಕ ಎನ್ನುವ ಮಾತೇ ಇಲ್ಲ. ಅದೂ ಹಾವೇರಿಯಲ್ಲಿ ಕೂತು! ನಿಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ ಶೇಷಗಿರಿ ಅಂತ ಪುಟ್ಟ ಹಳ್ಳಿ ಇದೆ. ಅಲ್ಲಿನ ಜನ ತಮ್ಮದೇ ರಂಗಮಂದಿರ ಕಟ್ಟಿಕೊಂಡಿದ್ದಾರೆ, ತಮ್ಮದೇ ತಂಡ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅಲ್ಲಿಗೆ ಹೋಗಿಬರಬೇಕಿತ್ತು, ಅಲ್ವಾ?

ಗೆಳೆಯರೊಬ್ಬರ ಸೀರಿಯಲ್ ಆಡಿಷನ್ ನೋಡುತ್ತ ಕೂತಿದ್ದೆ. ಹುಡುಗರು ಬಂದರು, ಹೆಸರು, ಎತ್ತರ ಹೇಳಿದರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ತಿರುಗಿಸಿದರು. ಡೈಲಾಗ್ ಚೆನ್ನಾಗಿಯೇ ಬಾಯಿಪಾಠವಾಗಿತ್ತು. ಆದರೆ ಎದುರಿನವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ, ತಮ್ಮ ಸಾಲಿಗೆ ಕಾಯುತ್ತಿದ್ದರು ಅಷ್ಟೆ. ಆಮೇಲೆ ಕಾಲೇಜು ನಾಟಕಗಳಲ್ಲಿ ಪಳಗಿದ ಹುಡುಗಿಯೊಬ್ಬಳು ಬಂದಳು. ಅಕ್ಕನ ಪಾತ್ರ. ತಮ್ಮನ ಮಾತು ಓದುತ್ತಿದ್ದ ಅಸಿಸ್ಟೆಂಟ್ ನಡುವೆ ಒಂದು ಸಾಲು ನುಂಗಿಬಿಟ್ಟ. ಆಕೆ ಕ್ಯಾಮೆರಾ ಕಡೆ ತಿರುಗಲಿಲ್ಲ, ಸಾರಿ ಅನ್ನಲಿಲ್ಲ. ಅವನ ಮುಖವನ್ನೇ ನೋಡುತ್ತ, "ಹೇಳೋ, ಯಾಕ್ ಸುಮ್ನಾದೆ?" ಅಂದಳು. ಪಾತ್ರ ಅವಳಿಗೇ ಹೋಯಿತು. ಯಾವ ಫೋಟೊಶೂಟ್ ಇದನ್ನು ಕಲಿಸುತ್ತದೆ ಹೇಳಿ.

ನಮ್ಮ ದೊಡ್ಡ ನಟರು ಬಂದ ದಾರಿಯೂ ಇದೇ. 1954ರಲ್ಲಿ ಬೇಡರ ಕಣ್ಣಪ್ಪನಾಗುವ ಮೊದಲು ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದ್ದರು. ಯಶ್ ಬೆನಕ ನಾಟಕ ತಂಡದಲ್ಲಿ ಬ್ಯಾಕ್‌ಸ್ಟೇಜ್ ಕೆಲಸ ಮಾಡಿದವರು, ಆಮೇಲೆ ಸೀರಿಯಲ್, ಆಮೇಲೆ ಸಿನಿಮಾ. 2015ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ವಿಜಯ್ ತಮ್ಮ ಹೆಸರಿನ ಜೊತೆಗೇ 'ಸಂಚಾರಿ' ಎಂಬ ರಂಗತಂಡದ ಹೆಸರನ್ನು ಹೊತ್ತುಕೊಂಡಿದ್ದರು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇಬ್ಬರೂ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ಆ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಲ್ಲೇ ಉಳಿದು ಕಲಿಯುವ ಡಿಪ್ಲೊಮಾ ಅದು. ನಿಮ್ಮ 40,000ವನ್ನು ಇಂಥ ಕಡೆಗೆ ಎತ್ತಿಡಿ.

ಆಡಿಷನ್‌ಗೆ ಬಾಗಿಲು ಮುಚ್ಚಿಲ್ಲ. ಎಷ್ಟೋ ಕಡೆ ಈಗ ಮೊದಲ ಸುತ್ತಿಗೆ ವಿಡಿಯೊ ಕಳಿಸಿದರೆ ಸಾಕು. ಫೋನ್ ಕಣ್ಣಿನ ಮಟ್ಟಕ್ಕಿರಲಿ, ಹಿಂದೆ ಖಾಲಿ ಗೋಡೆ, ಎದುರಿಗೆ ಕಿಟಕಿ ಬೆಳಕು. ಎದುರು ಪಾತ್ರದ ಮಾತು ಓದುವುದಕ್ಕೆ ಒಬ್ಬರನ್ನು ಕ್ಯಾಮೆರಾ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಹಿನ್ನೆಲೆ ಸಂಗೀತ ಹಾಕಬೇಡಿ. ಹಾವೇರಿಯ ಮಾತಿನ ಧಾಟಿಯನ್ನು ಬಚ್ಚಿಡಲೂ ಬೇಡಿ.

ಇನ್ನು ನನ್ನ ಸಿಟ್ಟು ನಿಮ್ಮ ಮೇಲಲ್ಲ. ಡಿಗ್ರಿ ಮುಗಿಸಿದ ಹುಡುಗನಿಗೆ ನಟನೆ ಎಂದರೆ ಫೋಟೊ ಎಂದು ಕಲಿಸಿದವರು ಯಾರು? ಕಾಲೇಜುಗಳಲ್ಲಿ ವಾರ್ಷಿಕೋತ್ಸವದ ನಾಟಕ ಹೋಗಿ ರೆಕಾರ್ಡ್ ಡಾನ್ಸ್ ಬಂತು. ಎಷ್ಟೋ ತಾಲ್ಲೂಕುಗಳಲ್ಲಿ ನಾಟಕವಾಡಲು ಒಂದು ನೆಟ್ಟಗಿನ ಸ್ಟೇಜ್ ಇಲ್ಲ, ಇದ್ದರೆ ಅದು ಸರಕಾರಿ ಸಭೆಗಳ ಪಾಲು. ಹೊಸ ಮುಖ ಬೇಕು ಎಂದು ಜಾಹೀರಾತು ಕೊಡುವ ನಿರ್ಮಾಪಕರು ಊರೂರು ಸುತ್ತಿ ನಾಟಕವಾಡುವ ನೀನಾಸಂ ತಿರುಗಾಟದ ತಂಡ ತಮ್ಮೂರಿಗೇ ಬಂದರೂ ಒಂದು ಸಂಜೆ ಬಂದು ಕೂರುವುದಿಲ್ಲ. ಫಾಲೋವರ್ಸ್ ಎಷ್ಟು ಎಂದು ಕೇಳುವ ಕಾಸ್ಟಿಂಗ್‌ನವರು ಯಾವ ಯಾವ ನಾಟಕ ಮಾಡಿದ್ದೀರಿ ಎಂದೂ ಕೇಳಲಿ. ಅವರು ಕೇಳುವ ಹೊತ್ತಿಗೆ ನಿಮ್ಮ ಹತ್ತಿರ ಉತ್ತರ ಇರಲಿ.